ಊರ ಗುಂಡುತೋಪನ್ನು ಉಳಿಸಿಕೊಳ್ಳುವುದು ಹೇಗೆ: ಪಹಣಿಯಿಂದ ಸಸಿಯವರೆಗೆ

ಗುಂಡುತೋಪು ಉಳಿಸಬೇಕು ಅಂತ ಊರಿನವರು ಹೊರಟಾಗ ಹೆಚ್ಚಿನ ಕಡೆ ಶುರುವಾಗುವುದು ಸಸಿ ನೆಡುವುದರಿಂದ. ಜೂನ್ 5ರ ಪರಿಸರ ದಿನಕ್ಕೆ ಸಸಿ ತರುತ್ತಾರೆ, ನೆಡುತ್ತಾರೆ. ಶಿವರಾತ್ರಿ ಹೊತ್ತಿಗೆ ಮೇಕೆ ತಿಂದದ್ದು, ಒಣಗಿದ್ದು, ಸುಟ್ಟದ್ದು ಎಲ್ಲ ಸೇರಿ ಗುಂಡಿಗಳಷ್ಟೇ ಉಳಿದಿರುತ್ತವೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಿ ತೋಪುಗಳಿಗೆ ಸಸಿಯ ಕೊರತೆ ಯಾವತ್ತೂ ದೊಡ್ಡ ಸಮಸ್ಯೆ ಆಗಿರಲಿಲ್ಲ. ಗಡಿ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ, ಮರದ ಫಲ ಯಾರಿಗೆ ಸೇರಬೇಕು ಅಂತ ತೀರ್ಮಾನ ಆಗಿಲ್ಲ. ತೋಪು ಕರಗುವುದು ಅಲ್ಲಿಂದ. ಹಾಗಾಗಿ ಈ ಬರಹದಲ್ಲಿ ದಾಖಲೆ, ಗಡಿ, ಫಲದ ಒಪ್ಪಂದ ಮೊದಲು ಬರುತ್ತವೆ. ಗುದ್ದಲಿ ಆಮೇಲೆ.

ಗೊತ್ತಿಲ್ಲದವರಿಗೆ ಒಂದು ಮಾತು. ಗುಂಡುತೋಪು ಅಂದರೆ ಊರಂಚಿನಲ್ಲಿ, ಬಹಳ ಸಲ ಕೆರೆ ಹತ್ತಿರ ಅಥವಾ ದಾರಿ ಪಕ್ಕದಲ್ಲಿ ಹಿರಿಯರು ಬೆಳೆಸಿದ ಸಾರ್ವಜನಿಕ ತೋಪು. ಹುಣಸೆ, ನಾಟಿ ಮಾವು, ನೇರಳೆ, ಹೊಂಗೆ, ಇಪ್ಪೆ, ಬೇವು, ಆಲ, ಅರಳಿ ಇಲ್ಲಿನ ಮರಗಳು. ದನ ಮಲಗುವ ನೆರಳು, ಜಾತ್ರೆಗೆ ಬಂದ ಗಾಡಿಗಳ ತಂಗುದಾಣ, ಗದ್ದೆಗೆ ಹೊಂಗೆ ಸೊಪ್ಪು, ಉಪ್ಪಿನಕಾಯಿಗೆ ಮಾವು, ವರ್ಷದ ಸಾರಿಗೆ ಹುಣಸೆ, ಎಲ್ಲವೂ ಇಲ್ಲಿಂದಲೇ. ನದಿ ಬತ್ತಿದ, ಕಾಡು ದೂರವಾದ ಬಯಲುಸೀಮೆಯ ಹಳ್ಳಿಗಳಲ್ಲಿ ಎಷ್ಟೋ ಕಡೆ ದೊಡ್ಡ ಮರ ಅಂತ ಉಳಿದಿರುವುದು ತೋಪಿನಲ್ಲಿ ಮಾತ್ರ.

ಮೊದಲು ದಾಖಲೆ

ತೋಪಿನ ಸರ್ವೆ ನಂಬರ್ ಊರಲ್ಲಿ ಯಾರಿಗಾದರೂ ಬಾಯಲ್ಲಿ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆಪ್ ಹಾಕಿಕೊಂಡು ತೋಪಿನ ಮಧ್ಯೆ ನಿಂತರೆ ಸಾಕು, ನಂಬರ್ ತೋರಿಸುತ್ತದೆ. ಆಮೇಲೆ ನಾಡಕಚೇರಿಯಲ್ಲಿ ಅಥವಾ ಭೂಮಿ ಜಾಲತಾಣದಲ್ಲಿ ಪಹಣಿ ತೆಗೆಸಿ. ಕಬ್ಜೆದಾರರ ಕಾಲಂನಲ್ಲಿ 'ಸರ್ಕಾರಿ ಗುಂಡುತೋಪು' ಅಂತ ಇದ್ದರೆ ಅರ್ಧ ಕೆಲಸ ಆದ ಹಾಗೆ.

ಆದರೆ ಪಹಣಿ ಒಂದನ್ನೇ ನಂಬಬೇಡಿ. ಆಕಾರ್‌ಬಂದ್ (ಸರ್ವೆ ನಂಬರಿನ ಮೂಲ ವಿಸ್ತೀರ್ಣ ಬರೆದ ಸರ್ವೆ ದಾಖಲೆ) ಮತ್ತು ಗ್ರಾಮ ನಕಾಶೆಯ ನಕಲು ಪಡೆದು ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿ. ಆಕಾರ್‌ಬಂದ್‌ನಲ್ಲಿ 6 ಎಕರೆ ಇದ್ದು ಪಹಣಿಯಲ್ಲಿ 4 ಎಕರೆ 20 ಗುಂಟೆ ಇದ್ದರೆ ಮಧ್ಯೆ ಯಾವುದೋ ಮಂಜೂರಾತಿ ಆಗಿರುವ ಸಾಧ್ಯತೆ ಇದೆ. ಯಾವ ವರ್ಷ, ಯಾರಿಗೆ, ಯಾವ ಆದೇಶದ ಮೇಲೆ ಅಂತ ಮ್ಯುಟೇಷನ್ (ಹಕ್ಕು ಬದಲಾವಣೆ) ದಾಖಲೆಯಲ್ಲಿ ಹುಡುಕಿ. ತೋಪು ಬೇರೆ ಸರ್ವೆ ನಂಬರಿನ 'ಬಿ' ಖರಾಬಿನ ಒಳಗೂ ಇರಬಹುದು. 'ಬಿ' ಖರಾಬು ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ. ಪಕ್ಕದ ಹಿಡುವಳಿದಾರರು ಅದನ್ನು ತಮ್ಮ ಜಮೀನಿನ ಭಾಗ ಅಂದುಕೊಂಡಿರುವುದು ಮಾಮೂಲು.

ಬಗರ್‌ಹುಕುಂ (ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮ ಮಾಡಿ ಅನ್ನುವ) ಅರ್ಜಿಗಳನ್ನು ವಿಚಾರಿಸುವುದನ್ನು ಮರೆಯಬೇಡಿ. ನಮೂನೆ 50, 53, 57ರಲ್ಲಿ ಈ ಸರ್ವೆ ನಂಬರಿಗೆ ಯಾರಾದರೂ ಅರ್ಜಿ ಹಾಕಿದ್ದಾರಾ ಅಂತ ತಾಲ್ಲೂಕು ಕಚೇರಿಯಲ್ಲಿ ಕೇಳಿ. ಬಾಯಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು. ಪ್ರತಿ ಕಾಗದದ ಎರಡು ನಕಲು ಇಡಿ. ಒಂದು ಪಂಚಾಯಿತಿಯಲ್ಲಿ, ಒಂದು ಊರಿನವರ ಕೈಯಲ್ಲಿ.

ಗಡಿ ಗುರುತಿಸುವುದು

ದಿಶಾಂಕ್ ತೋರಿಸುವ ಗೆರೆ ಕೆಲವು ಮೀಟರ್ ಆಚೀಚೆ ಇರುತ್ತದೆ. ನಿಮ್ಮ ತಿಳಿವಳಿಕೆಗೆ ಸಾಕು, ಜಗಳಕ್ಕೆ ಸಾಲದು. ಗಡಿ ಗಟ್ಟಿಯಾಗಬೇಕಾದರೆ ಸರ್ವೆ ಇಲಾಖೆಯಿಂದ ಹದ್ದುಬಸ್ತು, ಅಂದರೆ ಅಧಿಕೃತ ಗಡಿ ಅಳತೆ ಆಗಬೇಕು. ಇದು ಸರ್ಕಾರಿ ಜಾಗ ಆದ್ದರಿಂದ ಗ್ರಾಮ ಪಂಚಾಯಿತಿ ನಿರ್ಣಯ ಮಾಡಿ ತಹಶೀಲ್ದಾರರಿಗೆ ಪತ್ರ ಬರೆಯುವುದು ಸರಿಯಾದ ದಾರಿ. ಪತ್ರದ ಜೊತೆ ಪಹಣಿ, ನಕಾಶೆ, ಗ್ರಾಮಸ್ಥರ ಸಹಿ ಇರಲಿ.

ಸರ್ವೆಯರ್ ಬರುವ ದಿನಕ್ಕೆ ಸಿದ್ಧತೆ ಬೇಕು. ಹಳೇ ಬಾಂದು ಕಲ್ಲು ಎಲ್ಲೆಲ್ಲಿತ್ತು ಅಂತ ಹಿರಿಯರನ್ನು ಕರೆದುಕೊಂಡು ಹೋಗಿ ಮುಂಚೆಯೇ ಹುಡುಕಿ. ಎಷ್ಟೋ ಕಲ್ಲು ಮಣ್ಣಿನೊಳಗೆ ಹೂತಿರುತ್ತವೆ, ಕೆಲವು ಬೇಲಿಯೊಳಗೆ ಸೇರಿಕೊಂಡಿರುತ್ತವೆ. ಅಕ್ಕಪಕ್ಕದ ಜಮೀನಿನವರಿಗೆ ನೋಟಿಸ್ ಹೋಗಿರಬೇಕು. ಅವರು ಎದುರಿಗೇ ನಿಂತಿರಬೇಕು. ಅವರಿಲ್ಲದೆ ಅಳೆದ ಗಡಿ ಆರು ತಿಂಗಳೂ ಬಾಳುವುದಿಲ್ಲ. ಅಳತೆ ಮುಗಿದ ದಿನವೇ ಕಲ್ಲು ನೆಟ್ಟು, ಮಹಜರಿಗೆ ಎಲ್ಲರ ಸಹಿ ಹಾಕಿಸಿ, ನಕ್ಷೆಯ ನಕಲು ಕೇಳಿ ಪಡೆಯಿರಿ.

ಗಡಿಗುಂಟ ಮೂರು ಅಡಿ ಆಳದ ಟ್ರೆಂಚ್ ತೆಗೆದು ಮಣ್ಣನ್ನು ಒಳಬದಿಗೆ ಏರಿ ಮಾಡಿ. ಏರಿ ಮೇಲೆ ಕತ್ತಾಳೆ ಮತ್ತು ಲಕ್ಕಿ ಹಾಕಿದರೆ ಎರಡು ಮೂರು ವರ್ಷದಲ್ಲಿ ಜೀವಂತ ಬೇಲಿ ಆಗುತ್ತದೆ. ಎರಡನ್ನೂ ದನ ಕುರಿ ಮುಟ್ಟುವುದಿಲ್ಲ. ತಂತಿಬೇಲಿಗೆ ದುಡ್ಡು ಜಾಸ್ತಿ, ಕಳುವಾಗುವುದೂ ಜಾಸ್ತಿ. ಒಂದು ಎಚ್ಚರಿಕೆ: ತೋಪಿನ ಮೂಲಕ ಕೆರೆಗೆ ಹೋಗುವ ಕಾಲುವೆ ಇದ್ದರೆ ಟ್ರೆಂಚ್ ಅದನ್ನು ಕಡಿಯಬಾರದು. ತೋಪು ಉಳಿಸಲು ಹೋಗಿ ಕೆರೆಗೆ ನೀರು ತಪ್ಪಿಸಿದರೆ ಊರು ನಿಮ್ಮ ಜೊತೆ ನಿಲ್ಲುವುದಿಲ್ಲ.

ಒತ್ತುವರಿ ಇದ್ದರೆ

ಅಳತೆ ಆದ ಮೇಲೆ ಒತ್ತುವರಿ ಕಂಡೇ ಕಾಣುತ್ತದೆ. ಒತ್ತುವರಿ ಎರಡು ಬಗೆ. ಪಕ್ಕದ ರೈತ ಉಳುಮೆ ಮಾಡುತ್ತಾ ಎರಡು ಗುಂಟೆ ಒಳಗೆ ಬಂದಿರುವುದು ಒಂದು. ಇದು ಊರಿನ ಹಿರಿಯರ ಮುಂದೆ, ನಕ್ಷೆ ಇಟ್ಟುಕೊಂಡು ಕೂತರೆ ಬಗೆಹರಿಯುತ್ತದೆ. ಇದ್ದ ಬೆಳೆ ಕೊಯ್ಯಲು ಸಮಯ ಕೊಡಿ. ರಾಗಿ ನಿಂತಿರುವಾಗ ಹೋಗಿ ಬಿಡಿಸಬೇಡಿ.

ಇನ್ನೊಂದು ದುಡ್ಡಿನ ಬಲದ ಒತ್ತುವರಿ. ಲೇಔಟ್, ಶೆಡ್ಡು, ಕಲ್ಲುಕುಟ್ಟುವ ಕೆಲಸ. ಇಲ್ಲಿ ಮಾತುಕತೆಯಲ್ಲಿ ಕಾಲ ಕಳೆಯಬೇಡಿ. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 192-ಎ ಕಲಂ ಪ್ರಕಾರ ಸರ್ಕಾರಿ ಜಮೀನು ಒತ್ತುವರಿ ಅಪರಾಧ, ಜೈಲು ಶಿಕ್ಷೆಯೂ ಇದೆ. 2011ರ ಜನವರಿ 28ರಂದು ಜಗ್‌ಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಊರಿನ ಸಾಮೂಹಿಕ ಜಾಗಗಳ ಒತ್ತುವರಿ ತೆರವು ಮಾಡಿ ಊರಿಗೇ ಮರಳಿಸಲು ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕು ಅಂತ ಹೇಳಿದೆ. ತಹಶೀಲ್ದಾರರಿಗೆ ಕೊಡುವ ಅರ್ಜಿಯಲ್ಲಿ ಇವೆರಡನ್ನೂ ಬರೆಯಿರಿ. ಒಬ್ಬರ ಹೆಸರಲ್ಲಿ ಅರ್ಜಿ ಬೇಡ. ಗ್ರಾಮಸಭೆಯ ನಿರ್ಣಯ ಇರಲಿ. ಒಬ್ಬರೇ ಅರ್ಜಿದಾರರಾದರೆ ಒತ್ತಡವೂ ಅವರೊಬ್ಬರ ಮೇಲೇ ಬೀಳುತ್ತದೆ.

ಸರ್ಕಾರದ ಕಟ್ಟಡಗಳದ್ದೂ ಒಂದು ಕಾಟ. ಅಂಗನವಾಡಿ, ಸಮುದಾಯ ಭವನ, ನೀರಿನ ಟ್ಯಾಂಕ್, ನಿವೇಶನ, ಏನು ಬಂದರೂ ಮೊದಲು ಕಣ್ಣು ಬೀಳುವುದು ತೋಪಿನ ಮೇಲೆ. ಬೇಡ ಅಂದರೆ ಸಾಲದು. ಬೇರೆ ಜಾಗದ ಸರ್ವೆ ನಂಬರ್ ತೋರಿಸಲು ಸಿದ್ಧವಾಗಿರಿ.

ಕುರಿಗಾಹಿಗಳನ್ನು ಬಿಟ್ಟು ಸಭೆ ಮಾಡಬೇಡಿ

ತೋಪನ್ನು ಯಾರು ಬಳಸುತ್ತಾರೋ ಅವರು ಸಭೆಯಲ್ಲಿ ಇರಬೇಕು. ಕುರಿ ಮೇಕೆ ಮೇಯಿಸುವವರು, ಸೌದೆ ಆರಿಸುವ ಹೆಂಗಸರು, ಹುಣಸೆ ಕೆಡವುವವರು, ಭೂಮಿ ಇಲ್ಲದವರು. ಸಂಜೆ ಏಳಕ್ಕೆ ದೇವಸ್ಥಾನದ ಕಟ್ಟೆ ಮೇಲೆ ಸಭೆ ಇಟ್ಟರೆ ಇವರಲ್ಲಿ ಅರ್ಧ ಜನ ಬರುವುದಿಲ್ಲ, ಕೆಲವರು ಕಟ್ಟೆ ಹತ್ತುವುದಕ್ಕೇ ಹಿಂಜರಿಯುತ್ತಾರೆ. ತೋಪಿನಲ್ಲೇ, ಕುರಿ ಬಿಡುವ ಮೊದಲು ಬೆಳಿಗ್ಗೆ ಸೇರುವುದು ಒಳ್ಳೆಯದು.

ಇಡೀ ತೋಪನ್ನು ಒಟ್ಟಿಗೆ ಮುಚ್ಚಿದರೆ ಮೇಕೆ ಇರುವವರು ಹೊಟ್ಟೆಗೆ ಏನು ಮಾಡಬೇಕು? ನನಗೆ ಸರಿ ಅನಿಸುವ ದಾರಿ ಇದು: ಮೂರರಲ್ಲಿ ಒಂದು ಭಾಗವನ್ನು ಮಾತ್ರ ಮೂರು ವರ್ಷ ಮುಚ್ಚಿ, ಉಳಿದದ್ದು ಮೇವಿಗೆ ಇರಲಿ. ಮುಚ್ಚಿದ ಭಾಗದ ಹುಲ್ಲನ್ನು ಕೊಯ್ದು ಒಯ್ಯುವ ಹಕ್ಕು ಅವರಿಗೇ ಇರಲಿ. ಮೂರು ವರ್ಷದ ನಂತರ ಆ ಭಾಗ ತೆರೆದು ಇನ್ನೊಂದು ಮುಚ್ಚಿ. ಒಂಬತ್ತು ವರ್ಷಕ್ಕೆ ಇಡೀ ತೋಪು ಒಂದು ಸುತ್ತು ಆಗುತ್ತದೆ. ನಿಧಾನ ಅನಿಸಬಹುದು. ಆದರೆ ಕುರಿಗಾಹಿ ಒಪ್ಪಿದ ಬೇಲಿಗೆ ಕಾವಲುಗಾರ ಬೇಕಾಗಿಲ್ಲ.

ಫಲದ ಹರಾಜು

ಹುಣಸೆ ಇರುವ ತೋಪಿನಲ್ಲಿ ನಿಜವಾದ ದುಡ್ಡು ಇದೆ. ತುಮಕೂರು, ಹಿಂದೂಪುರದ ಮಾರುಕಟ್ಟೆಗೆ ಹೋಗುವ ಹುಣಸೆಯಲ್ಲಿ ಇಂಥ ಮರಗಳದ್ದೂ ಪಾಲಿದೆ. ಕೆಲವು ಕಡೆ ಪಂಚಾಯಿತಿ ಹರಾಜು ಹಾಕುತ್ತದೆ, ಅರಣ್ಯ ಇಲಾಖೆ ಬೆಳೆಸಿದ ನೆಡುತೋಪಾದರೆ ಇಲಾಖೆಯೇ ಹಾಕುತ್ತದೆ. ನಿಮ್ಮಲ್ಲಿ ಯಾರು ಅಂತ ಮೊದಲು ತಿಳಿದುಕೊಳ್ಳಿ. ಎಷ್ಟೋ ಊರಲ್ಲಿ ಹರಾಜು ಆಗಿದ್ದೇ ಜನರಿಗೆ ಗೊತ್ತಾಗುವುದಿಲ್ಲ. ಹಾಗಾದಾಗ ಮರ ನಮ್ಮದು ಅನ್ನುವ ಭಾವನೆಯೂ ಇರುವುದಿಲ್ಲ. ಕೊಂಬೆ ಮುರಿದರೆ ಕೇಳುವವರೂ ಇರುವುದಿಲ್ಲ.

ಹುಣಸೆ ಹಣ್ಣಾಗುವುದು ಜನವರಿಯಿಂದ ಏಪ್ರಿಲ್‌ವರೆಗೆ. ಹರಾಜು ಸಂಕ್ರಾಂತಿಗೆ ಮುಂಚೆ ಆಗಬೇಕು, ತೋಪಿನಲ್ಲೇ ಆಗಬೇಕು. ಟಾಂಟಾಂ ಹೊಡೆಸಿ, ವಾಟ್ಸ್ಆಪ್‌ನಲ್ಲೂ ಹಾಕಿ. ಒಂದೇ ವರ್ಷಕ್ಕೆ ಹರಾಜು ಹಾಕುವುದೋ, ಮೂರು ವರ್ಷಕ್ಕೋ? ಒಂದು ವರ್ಷಕ್ಕೆ ಹಿಡಿದವನು ಇದ್ದದ್ದನ್ನೆಲ್ಲ ಬಡಿದುಕೊಂಡು ಹೋಗುತ್ತಾನೆ. ಮೂರು ವರ್ಷಕ್ಕೆ ಹಿಡಿದವನಿಗೆ ಮುಂದಿನ ವರ್ಷದ ಚಿಗುರಿನ ಚಿಂತೆ ಇರುತ್ತದೆ. ಬೆಲೆ ಸ್ವಲ್ಪ ಕಡಿಮೆ ಬಂದರೂ ನನ್ನ ಒಲವು ಮೂರು ವರ್ಷದ ಕಡೆಗೆ.

ಷರತ್ತುಗಳನ್ನು ಹರಾಜಿಗೆ ಮುಂಚೆ ಗಟ್ಟಿಯಾಗಿ ಓದಬೇಕು. ಕೊಂಬೆ ಕಡಿಯುವಂತಿಲ್ಲ. ಗಳು ಹಿಡಿದು ಬಡಿಯುವಂತಿಲ್ಲ, ಕೊಂಬೆ ಅಲುಗಾಡಿಸಿ ಉದುರಿಸಬೇಕು. ಬಡಿದಾಗ ಹಣ್ಣಿನ ಜೊತೆ ಎಳೇ ರೆಂಬೆಯೂ ಬೀಳುತ್ತದೆ, ಮುಂದಿನ ಹೂವು ಬರುವುದು ಅಲ್ಲೇ. ಠೇವಣಿ ಕಟ್ಟಬೇಕು, ಮರಕ್ಕೆ ಹಾನಿಯಾದರೆ ಅದರಿಂದ ಕಡಿತ. ಕೆಡವುವ, ಸಿಪ್ಪೆ ಬೀಜ ಬಿಡಿಸುವ ಕೆಲಸ ಮೊದಲು ಊರಿನವರಿಗೆ. ಇಂತಿಷ್ಟು ಮರ ಹರಾಜಿನಿಂದ ಹೊರಗೆ, ಅವುಗಳ ಹಣ್ಣು ಬಡವರ ಮನೆಗೆ.

ಹಕ್ಕಿ ಗೂಡು ಕಟ್ಟುವ ಮರ ಇದ್ದರೆ ಅದೂ ಹೊರಗೇ ಇರಲಿ. ಶಿರಾ ತಾಲ್ಲೂಕಿನ ಕಗ್ಗಲಡು ನೋಡಿ. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು, ಬೂದು ಬಕಗಳು ಬಂದು ಗೂಡು ಕಟ್ಟುತ್ತವೆ. ಅವು ಮರಿ ಮಾಡುವ ಕಾಲವೂ ಹುಣಸೆ ಹಣ್ಣಾಗುವ ಕಾಲವೂ ಹೆಚ್ಚುಕಡಿಮೆ ಒಂದೇ. ಆದರೂ ಊರಿನವರು ಹಕ್ಕಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಅದು ಸಣ್ಣ ತ್ಯಾಗ ಅಲ್ಲ. ನಿಮ್ಮ ಊರಲ್ಲಿ ಒಂದು ಮರದಲ್ಲಿ ಗೂಡಿದ್ದರೂ ಆ ಮರದ ಹಣ್ಣಿನ ಬೆಲೆಯನ್ನು ತೋಪಿನ ಲೆಕ್ಕದಿಂದಲೇ ಬಿಟ್ಟುಬಿಡಿ.

ಬಂದ ದುಡ್ಡಿನಲ್ಲಿ ಎಷ್ಟು ಪಾಲು ತೋಪಿಗೇ ವಾಪಸ್ ಅಂತ ನಿರ್ಣಯದಲ್ಲಿ ಬರೆಸಿ. ಅರ್ಧವಾದರೂ ಇರಲಿ. ಬೇಸಿಗೆ ನೀರಿನ ಖರ್ಚಿಗೆ ಅದೇ ಆಸರೆ.

ಇರುವ ಮರಗಳ ಆರೈಕೆ

ಪ್ರತಿ ಮರಕ್ಕೂ ನಂಬರ್ ಹಾಕಿ ಪುಸ್ತಕದಲ್ಲಿ ಬರೆಯಿರಿ: ಜಾತಿ, ಎದೆಮಟ್ಟದ ಸುತ್ತಳತೆ, ಸ್ಥಿತಿ. ಬಣ್ಣದಲ್ಲಿ ಬರೆದರೆ ಸಾಕು, ಮೊಳೆ ಹೊಡೆಯಬೇಡಿ. ಶಾಲೆ ಮಕ್ಕಳು ಇದನ್ನು ಖುಷಿಯಿಂದ ಮಾಡುತ್ತಾರೆ. ಒಂದು ಮರ ಕಾಣೆಯಾದರೆ ಪುಸ್ತಕವೇ ಸಾಕ್ಷಿ.

ಮಾವು, ಹೊಂಗೆಗೆ ಬಂದಳಿಕೆ (ಮರದ ಮೇಲೆಯೇ ಬೆಳೆದು ಅದರ ಸಾರ ಹೀರುವ ಗಿಡ) ಹಿಡಿಯುವುದು ಜಾಸ್ತಿ. ಅದು ಹಣ್ಣಾಗುವ ಮೊದಲೇ, ಅಂಟಿಕೊಂಡ ಜಾಗದಿಂದ ಸ್ವಲ್ಪ ಕೆಳಗೆ ರೆಂಬೆ ಸಮೇತ ತೆಗೆಯಬೇಕು. ಗಟ್ಟಿಮುಟ್ಟಾದ ದೊಡ್ಡ ಮರದಲ್ಲಿ ಒಂದೆರಡು ಇದ್ದರೆ ಬಿಡಿ, ಅದರ ಹೂವಿಗೆ ಸಣ್ಣ ಹಕ್ಕಿಗಳು ಬರುತ್ತವೆ. ಬುಡಕ್ಕೆ ಒತ್ತಿ ಸಿಮೆಂಟ್ ಕಟ್ಟೆ ಕಟ್ಟಬೇಡಿ, ಬೇರಿಗೆ ನೀರು ಗಾಳಿ ಸಿಗುವುದಿಲ್ಲ. ಕಟ್ಟೆ ಬೇಕೇ ಬೇಕು ಅಂದರೆ ಕಲ್ಲುಗಳನ್ನು ಸುಮ್ನೆ ಜೋಡಿಸಿ, ಗಾರೆ ಬೇಡ. ಪೊಟರೆ ಇರುವ ಮುದಿ ಮರ ಗಿಳಿ, ಗೂಬೆ, ಕುಟ್ರು ಹಕ್ಕಿಗಳ ಮನೆ. ಅದನ್ನು ಕಡಿಸುವ ಯೋಚನೆ ಬೇಡ. ಬಿದ್ದ ಮರವನ್ನೂ ವಲಯ ಅರಣ್ಯಾಧಿಕಾರಿಗೆ ತಿಳಿಸದೆ ಸಾಗಿಸಬಾರದು.

ಸಂಕ್ರಾಂತಿ ಕಳೆಯುತ್ತಿದ್ದಂತೆ ಬೆಂಕಿಯ ಭಯ ಶುರು. ಗಡಿಗುಂಟ ಹತ್ತು ಅಡಿ ಅಗಲ ಒಣಹುಲ್ಲು ಕೆರೆದು ತೆಗೆಯಿರಿ. ತರಗೆಲೆಯನ್ನು ಗುಡಿಸಿ ಸುಡಬೇಡಿ, ಸಸಿ ಗುಂಡಿಗೆ ಅದೇ ಹೊದಿಕೆ.

ಬಳ್ಳಾರಿ ಜಾಲಿ, ನೀಲಗಿರಿ

ಬಳ್ಳಾರಿ ಜಾಲಿಯನ್ನು ನೆಲದ ಮೇಲೆ ಕಡಿದರೆ ಒಂದಕ್ಕೆ ಹತ್ತು ಚಿಗುರುತ್ತದೆ. ಬುಡದ ಗಡ್ಡೆ ಸಮೇತ ಕೀಳಬೇಕು. ಸಣ್ಣ ಗಿಡವನ್ನು ಮಳೆ ಬಂದ ಮಾರನೇ ದಿನ ಕೈಯಲ್ಲೇ ಎಳೆಯಬಹುದು. ದನ ಕುರಿ ಇದರ ಕಾಯಿ ತಿಂದು ಸಗಣಿ ಹಿಕ್ಕೆಯಲ್ಲಿ ಬೀಜ ಹರಡುತ್ತವೆ, ಆದ್ದರಿಂದ ಕಾಯಿ ಬಲಿಯುವ ಮುಂಚೆಯೇ ಕೆಲಸ ಆಗಲಿ.

ಸಾಮಾಜಿಕ ಅರಣ್ಯದ ಕಾಲದಲ್ಲಿ ಕೋಲಾರದ ಕಡೆ ಎಷ್ಟೋ ತೋಪು, ಗೋಮಾಳಕ್ಕೆ ನೀಲಗಿರಿ ಬಂತು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಇದ್ದದ್ದನ್ನು ಅನುಮತಿ ಪಡೆದು ಹಂತಹಂತವಾಗಿ ತೆಗೆಸಿ, ಬುಡವನ್ನು ಜೆಸಿಬಿಯಿಂದ ಎತ್ತಿಸಿ. ಬುಡ ಬಿಟ್ಟರೆ ಮತ್ತೆ ಚಿಗುರುತ್ತದೆ.

ಎರಡನ್ನೂ ಒಂದೇ ಸಲ ಬೋಳು ಮಾಡಬೇಡಿ. ಊರಿನ ಸೌದೆ ಅದರಲ್ಲೇ ನಡೆಯುತ್ತಿರುತ್ತದೆ.

ಈಗ ಸಸಿ

ಎಷ್ಟು ಸಸಿ ಬೇಕು? ಲೆಕ್ಕ ಸುಲಭ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ. ಹುಣಸೆ, ಮಾವು, ನೇರಳೆ ಹರಡಲು ಅಷ್ಟು ಜಾಗ ಬೇಕು. ಗುಂಟೆಗೊಂದು ಮರ, ಎಕರೆಗೆ 40. ಇರುವ ದೊಡ್ಡ ಮರಗಳನ್ನು ಇದರಲ್ಲಿ ಕಳೆಯಿರಿ, ಅವುಗಳ ನೆರಳಿನ ಕೆಳಗೆ ನೆಡಬೇಡಿ. ಎಕರೆಗೆ ನಾನೂರು ಸಸಿ ತುಂಬುವ ಯೋಜನೆಗಳು ಬರುತ್ತವೆ. ದನ ಮಲಗುವ, ಜಾತ್ರೆ ಸೇರುವ ತೋಪಿಗೆ ಅದು ಹೊಂದುವುದಿಲ್ಲ, ಬೇಸಿಗೆಯಲ್ಲಿ ಅಷ್ಟಕ್ಕೆ ನೀರು ಹೊರುವವರೂ ಸಿಗುವುದಿಲ್ಲ.

ಒಣ ಕಲ್ಲುಮಣ್ಣಿನ ಜಾಗಕ್ಕೆ ಹುಣಸೆ, ಬೇವು, ಇಪ್ಪೆ. ಪಾವಗಡ, ಮಧುಗಿರಿ ಕಡೆ ಕಮರವೂ ಸರಿ. ಕೆರೆ ಪಕ್ಕದ ತಗ್ಗಿಗೆ ನೇರಳೆ, ಹೊಂಗೆ, ಅತ್ತಿ. ಆಲ, ಬಸರಿ, ಗೋಣಿಗೆ ಸಸಿ ಯಾಕೆ? ತೋಳು ದಪ್ಪದ, ಆಳೆತ್ತರದ ಕೊಂಬೆ ಕಡಿದು ಮಳೆ ಶುರುವಾಗುವಾಗ ಎರಡು ಅಡಿ ಆಳಕ್ಕೆ ಹೂಳಿದರೆ ಬೇರು ಬಿಡುತ್ತದೆ. ಚಿಗುರು ಮೇಕೆ ಬಾಯಿಗೂ ಸಿಗುವುದಿಲ್ಲ.

ಬೀಜ ನಿಮ್ಮ ತೋಪಿನ ಒಳ್ಳೆಯ ಮರದ್ದೇ ಆಗಲಿ. ಹುಣಸೆ ಬೀಜ ಇಟ್ಟರೂ ಕೆಡುವುದಿಲ್ಲ, ರಾತ್ರಿ ನೆನೆಸಿ ಹಾಕಿ. ಬೇವು, ನೇರಳೆ, ಹಲಸಿನ ಬೀಜ ಹಾಗಲ್ಲ. ಹಣ್ಣಿನಿಂದ ತೆಗೆದ ಒಂದೆರಡು ವಾರದೊಳಗೆ ಬಿತ್ತದಿದ್ದರೆ ಮೊಳಕೆ ಕಡಿಮೆಯಾಗುತ್ತಾ ಹೋಗುತ್ತದೆ. ಅರಣ್ಯ ಇಲಾಖೆಯ ನರ್ಸರಿಯಿಂದ ತರುವುದಾದರೆ ಮೂರು ನಾಲ್ಕು ಅಡಿ ಎತ್ತರದ ಸಸಿ ಕೇಳಿ. ಚೀಲದ ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ಬೇಡ ಅನ್ನಿ.

ಗುಂಡಿ ಬೇಸಿಗೆಯಲ್ಲೇ ತೆಗೆದು ಬಿಸಿಲಿಗೆ ಬಿಡಿ. ಎರಡು ಅಡಿ ಉದ್ದ, ಅಗಲ, ಆಳ. ಉದ್ಯೋಗ ಖಾತರಿ ಕೆಲಸದಲ್ಲಿ ಗುಂಡಿ, ಟ್ರೆಂಚ್ ಮಾಡಿಸಲು ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಮುಂಚೆಯೇ ಸೇರಿಸಿರಬೇಕು. ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ, ಗೆದ್ದಲಿಗೆ ಒಂದೆರಡು ಹಿಡಿ ಬೇವಿನ ಅಥವಾ ಹೊಂಗೆ ಹಿಂಡಿ ಸೇರಿಸಿ ತುಂಬಿ. ಹಸಿ ಗೊಬ್ಬರ ಹಾಕಿದರೆ ಗೆದ್ದಲನ್ನು ಕರೆದ ಹಾಗೆ.

ನೆಡುವ ಕಾಲ? ಜೂನ್ 5 ನಮ್ಮ ಕಡೆಗೆ ಬೇಗ ಆಯಿತು. ಇಲ್ಲಿ ವರ್ಷದ ಮಳೆ ಹೆಚ್ಚಿನ ಕಡೆ 700 ಮಿಲಿಮೀಟರ್ ಆಸುಪಾಸು, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನದ್ದು. ಆರಿದ್ರಾ ಮಳೆಯ ನಂತರ, ನೆಲ ಒಂದು ಅಡಿ ಒಳಗೆ ಹಸಿಯಾದಾಗ ನೆಡಿ. ಜುಲೈನಿಂದ ಆಗಸ್ಟ್ ನಡುವೆ ಮುಗಿಸಿದರೆ ಉತ್ತರೆ, ಹಸ್ತ, ಚಿತ್ತೆ ಮಳೆ ಬೇರನ್ನು ಕೆಳಗೆ ಇಳಿಸುತ್ತವೆ. ಇಳಿಜಾರಿನ ಕೆಳಬದಿಗೆ ಅರ್ಧಚಂದ್ರದ ಬದು ಕಟ್ಟಿ. ಸುತ್ತ ಜಾಲಿ ಮುಳ್ಳು ಕಟ್ಟುವುದು ಅದೇ ದಿನ ಆಗಬೇಕು, ನಾಳೆಗೆ ಇಡಬೇಡಿ.

ಮೂರು ಬೇಸಿಗೆ

ಸಸಿಗೆ ವಾರಕ್ಕೊಮ್ಮೆ 20 ಲೀಟರ್ ಅಂದುಕೊಳ್ಳಿ. ಎಕರೆಗೆ 40 ಸಸಿ, 800 ಲೀಟರ್. ನಾಲ್ಕು ಸಾವಿರ ಲೀಟರಿನ ಒಂದು ಟ್ಯಾಂಕರ್‌ನಲ್ಲಿ ಐದು ಎಕರೆ ಮುಗಿಯುತ್ತದೆ. ಫೆಬ್ರವರಿಯಿಂದ ಮೇವರೆಗೆ ಎಷ್ಟು ಟ್ಯಾಂಕರ್, ಎಷ್ಟು ದುಡ್ಡು ಅಂತ ನೆಡುವ ಮುಂಚೆಯೇ ಲೆಕ್ಕ ಹಾಕಿ. ದುಡ್ಡು ಸಾಲದಿದ್ದರೆ ಸಸಿ ಕಡಿಮೆ ಮಾಡಿ, ನೀರು ಕಡಿಮೆ ಮಾಡಬೇಡಿ. ಸಸಿ ಪಕ್ಕ ತಳಕ್ಕೆ ಸಣ್ಣ ತೂತು ಮಾಡಿ ಬತ್ತಿ ಹಾಕಿದ ಮಣ್ಣಿನ ಮಡಕೆ ಹೂತರೆ ನೀರು ನಿಧಾನಕ್ಕೆ ಇಳಿಯುತ್ತದೆ. ಸತ್ತ ಸಸಿಯ ಜಾಗಕ್ಕೆ ಮುಂದಿನ ಮಳೆಯಲ್ಲಿ ಇನ್ನೊಂದು.

ಕಾಗದದ ಕಾವಲು

ಜೀವವೈವಿಧ್ಯ ಕಾಯ್ದೆ, 2002ರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅನೇಕ ಕಡೆ ಸಮಿತಿ ಕಾಗದದಲ್ಲೇ ಇದೆ. ಸದಸ್ಯರು ಯಾರು ಅಂತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಕೇಳಿ, ತೋಪಿನ ಕೆಲಸವನ್ನು ಆ ಸಮಿತಿಯ ಮೂಲಕವೇ ನಡೆಸಿ. ಸಮಿತಿಗೆ ತನ್ನದೇ ನಿಧಿ ಇರಲು ಅವಕಾಶ ಇದೆ, ಹರಾಜಿನ ಪಾಲನ್ನು ಅಲ್ಲಿಗೆ ತರಿಸಬಹುದು. ಊರಿನ ಗಿಡಮರ, ಪ್ರಾಣಿಪಕ್ಷಿಗಳ ವಿವರ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಿಮ್ಮ ಮರಪುಸ್ತಕ, ಗೂಡಿನ ಮರಗಳು, ಹಳೇ ಮಾವಿನ ತಳಿಗಳು ಸೇರಲಿ.

ತೋಪು ತುಂಬ ಹಳೆಯದಾಗಿದ್ದರೆ ಪಾರಂಪರಿಕ ತಾಣದ ಘೋಷಣೆಗೂ ಕೇಳಬಹುದು. ಚಿಕ್ಕಬಳ್ಳಾಪುರದ ನೆರೆಯಲ್ಲೇ, ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪಿಗೆ 2007ರಲ್ಲಿ ಆ ಮಾನ್ಯತೆ ಸಿಕ್ಕಿತು. ದೇಶದಲ್ಲೇ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅದು. ಒಮ್ಮೆ ಊರಿನವರೆಲ್ಲ ಹೋಗಿ ಆ ಮರಗಳ ಕೆಳಗೆ ಓಡಾಡಿ ಬನ್ನಿ. ಘೋಷಣೆ ಆದ ಮೇಲೂ ದಿನದ ಕಾವಲು ಊರಿನದೇ, ಅದು ನೆನಪಿರಲಿ.

ಪಂಚಾಯಿತಿಗೆ ಐದು ವರ್ಷಕ್ಕೊಮ್ಮೆ ಚುನಾವಣೆ ಆಗುತ್ತದೆ. ಹೊಸ ಸದಸ್ಯರು ಬಂದ ಮೊದಲ ಗ್ರಾಮಸಭೆಯಲ್ಲೇ ಸರ್ವೆ ನಕ್ಷೆ, ನಿರ್ಣಯಗಳು, ಹರಾಜಿನ ಲೆಕ್ಕ, ಮರಪುಸ್ತಕ ಇರುವ ಕಡತವನ್ನು ಎಲ್ಲರೆದುರು ಅವರ ಕೈಗೆ ಕೊಟ್ಟು ಸ್ವೀಕೃತಿ ಬರೆಸಿಕೊಳ್ಳಿ. ಅದೇ ವಾರ ಅವರನ್ನು ಕರೆದುಕೊಂಡು ಗಡಿಕಲ್ಲಿನಿಂದ ಗಡಿಕಲ್ಲಿಗೆ ಒಂದು ಸುತ್ತು ಹಾಕಿ.